ಓಸೇಜರ ಲೆಕ್ಕದ ಪುಸ್ತಕ

ಅಮೇರಿಕೆಯ ಪತ್ರಕರ್ತರಾದ ಡೇವಿಡ್ ಗ್ರ್ಯಾನ್ ಅವರು 2017ರಲ್ಲಿ ಪ್ರಕಟಿಸಿದ ‘ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್’ ಎಂಬ ಇಂಗ್ಲಿಷ್ ಗ್ರಂಥವು ಅಲ್ಪಕಾಲದಲ್ಲಿಯೇ ವಿಪುಲವಾದ ಪ್ರಸಿದ್ಧಿಯನ್ನು ಪಡೆಯಿತು. 2023ರಲ್ಲಿ ಚಲಚ್ಚಿತ್ರವಾಗಿಯೂ ಬಂದಿತು. ಓಕ್ಲಹೋಮಾ ಸೀಮೆಯ ಓಸೇಜ್ ಎಂಬ ಮೂಲನಿವಾಸಿ ಜನಾಂಗದಲ್ಲಿ 1920ರ ದಶಕದಲ್ಲಿ ನಡೆದ ಕೊಲೆಗಳ ವೃತ್ತಾಂತವೇ ಇದರ ವಸ್ತು. ಮೇ ತಿಂಗಳಲ್ಲಿ ಎತ್ತರದ ಗಿಡಗಳು ಬೆಳೆದು, ನೆಲಕ್ಕಂಟಿದ ಸಣ್ಣ ಹೂಗಳ ಬೆಳಕನ್ನೂ ನೀರನ್ನೂ ಕಸಿದುಕೊಳ್ಳುವುವು. ಆ ತಿಂಗಳನ್ನು ಓಸೇಜರು ಹೂವನ್ನು ಕೊಲ್ಲುವ ಚಂದ್ರನ ಕಾಲವೆನ್ನುವರು. ಗ್ರಂಥದ ಹೆಸರು ಅಲ್ಲಿಂದ ಬಂದುದು. ಹೆಸರು ಚೆನ್ನಾಗಿದೆ, ಗ್ರಂಥದ ರಚನೆಯು ಅದಕ್ಕೆ ತಕ್ಕುದಾಗಿದೆಯೇ ಎಂಬುದು ವಿಚಾರಾರ್ಹ.

ಕಥೆಯ ಬೇರು ಭೂಮಿಯಲ್ಲಿದೆ. ಕಾನ್ಸಾಸಿನಿಂದ ಕಾಲ್ತೆಗೆಯಬೇಕಾಗಿ ಬಂದ ಓಸೇಜರು, 1870ರ ದಶಕದ ಆದಿಯಲ್ಲಿ, ಅಲ್ಲಿಯ ನೆಲವನ್ನು ಮಾರಿ ಬಂದ ಹಣದಿಂದ ಸುಮಾರು 15 ಲಕ್ಷ ಎಕರೆ ಕಲ್ಲುಗುಡ್ಡದ ಸೀಮೆಯನ್ನು ಕ್ರಯಕ್ಕೆ ಕೊಂಡರು. ದಾನವಾಗಿ ಬಂದ ನೆಲವಲ್ಲವಾದುದರಿಂದ ಮುಂದೆ ಸರಕಾರದೊಡನೆ ವಾದಿಸಲು ಅವರಿಗೆ ಬಲವಿದ್ದಿತು. 1906ರ ಶಾಸನದಂತೆ ಭೂಮಿಯು ಆಳಿಗಿಷ್ಟೆಂದು ಹಂಚಿಹೋಯಿತಾದರೂ, ನೆಲದಡಿಯ ಎಣ್ಣೆ, ಅನಿಲ, ಖನಿಜಗಳು ಇಡಿಯ ಜನಾಂಗದ ಸಮಷ್ಟಿ ಸ್ವತ್ತಾಗಿ ಉಳಿದುವು. ಪಟ್ಟಿಯಲ್ಲಿದ್ದ 2,229 ಮಂದಿಗೆ ಅದರಲ್ಲಿ ಒಂದೊಂದು ಪಾಲು. ಆ ಪಾಲನ್ನು ಮಾರುವಂತಿಲ್ಲ; ವಾರಸಿನಿಂದ ಮಾತ್ರ ಬರತಕ್ಕದ್ದು. 1923ರ ಒಂದೇ ವರ್ಷದಲ್ಲಿ ಜನಾಂಗಕ್ಕೆ ಬಂದ ಉತ್ಪನ್ನವು 3 ಕೋಟಿ ಡಾಲರಿಗೂ ಮಿಕ್ಕಿತು. ಇಂಥ ಪಾಲಿನ ಮೇಲೆ ಕಣ್ಣಿಟ್ಟ ಹೊರಗಿನವನಿಗೆ ಉಳಿದ ದಾರಿ ಎರಡೇ: ಮದುವೆ, ಮತ್ತು ಮರಣ.

ಗ್ರಂಥವು ಮೂರು ಭಾಗವಾಗಿದೆ. ಮೊದಲನೆಯದರಲ್ಲಿ ಮಾಲಿ ಬರ್ಕ್‌ಹಾರ್ಟ್ ಎಂಬ ಓಸೇಜ್ ಸ್ತ್ರೀಯ ತಾಯಿ, ಅಕ್ಕತಂಗಿಯರು ಒಬ್ಬೊಬ್ಬರಾಗಿ ಸಾಯುವರು. ಎರಡನೆಯದರಲ್ಲಿ ಟಾಮ್ ವೈಟ್ ಎಂಬ ಕೇಂದ್ರ ಸರಕಾರದ ಅಧಿಕಾರಿಯು ಪತ್ತೇದಾರಿ ನಡೆಯಿಸಿ, ದನಗಳ ಸಾಹುಕಾರ ವಿಲಿಯಂ ಹೇಲನನ್ನು ಹಿಡಿಯುವನು. ಹೇಲನ ಸೋದರಳಿಯನೂ ಮಾಲಿಯ ಗಂಡನೂ ಆದ ಅರ್ನೆಸ್ಟನು 1926ರಲ್ಲಿ ತಪ್ಪೊಪ್ಪಿಕೊಂಡನು. 1929ರಲ್ಲಿ ಹೇಲನಿಗೆ ಶಿಕ್ಷೆಯಾಯಿತು. ಇಷ್ಟನ್ನು ಗ್ರಂಥಕರ್ತರು ಬಹು ಚಾತುರ್ಯದಿಂದ ನಿರೂಪಿಸಿರುವರು. ಕೈಗೆತ್ತಿಕೊಂಡವರು ಕೆಳಗಿಡಲಾರರು.

ದೋಷವೂ ಇಲ್ಲಿಯೇ ಇದೆ. ಮೂರನೆಯ ಭಾಗದಲ್ಲಿ ಗ್ರ್ಯಾನ್ ಅವರು ಫೋರ್ಟ್ ವರ್ತ್ ನಗರದ ದಫ್ತರಖಾನೆಯಲ್ಲಿ ಬಟ್ಟೆಯ ರಟ್ಟಿನ ಒಂದು ಸಣ್ಣ ಪುಸ್ತಕವನ್ನು ತೆರೆಯುವರು. ಅದರಲ್ಲಿ ಪಾಲಕರ ಹೆಸರುಗಳಿವೆ. ಪ್ರತಿಯೊಬ್ಬ ಪಾಲಕನ ಕೆಳಗೆ ಅವನ ವಶದಲ್ಲಿದ್ದ ಓಸೇಜರ ಹೆಸರುಗಳಿವೆ. ಹೆಸರು ಹೆಸರಿನ ಪಕ್ಕದಲ್ಲಿ ‘ಮೃತ’ ಎಂಬ ಒಂದೇ ಮಾತು. ಈ ನಾಡಿನಲ್ಲಿ ಅಪ್ರಾಪ್ತವಯಸ್ಕರ ಆಸ್ತಿಗೆ ಪಾಲಕರನ್ನು ನೇಮಿಸುವುದುಂಟು. ಅಲ್ಲಿಯಾದರೋ ಮೊಮ್ಮಕ್ಕಳನ್ನು ಕಂಡ ಮುದುಕರಿಗೂ, ಮೈಯಲ್ಲಿ ಓಸೇಜ್ ರಕ್ತ ಹೆಚ್ಚಾಗಿದೆಯೆಂಬ ಕಾರಣಕ್ಕೆ, ಬಿಳಿಯ ಪಾಲಕನೊಬ್ಬನು. ಒಬ್ಬ ಪಾಲಕನು 250 ಡಾಲರಿಗೆ ಮೋಟಾರು ಗಾಡಿಯೊಂದನ್ನು ಕೊಂಡು, ತನ್ನ ಪಾಲನೆಯಲ್ಲಿದ್ದವನಿಗೇ 1,250 ಡಾಲರಿಗೆ ಮಾರಿದನಂತೆ. 1925ಕ್ಕೆ ಮೊದಲು ಹೀಗೆ ಪಾಲಕರು ನುಂಗಿದ ಹಣವು ಕಡಮೆಯೆಂದರೂ 80 ಲಕ್ಷ ಡಾಲರೆಂದು ಸರಕಾರದ ಪರಿಶೀಲನೆಯೊಂದು ಅಂದಾಜು ಮಾಡಿತು. ಲೆಕ್ಕವಿರಲಿಲ್ಲವೆಂದಲ್ಲ. ಕಿರ್ದಿಯಿತ್ತು, ಖಾತೆಯಿತ್ತು, ನ್ಯಾಯಸ್ಥಾನದ ಮೇಲ್ವಿಚಾರಣೆಯೂ ಇತ್ತು. ಹಣದ ಒಡೆಯನಿಗೆ ಮಾತ್ರ ಬಾಯಿರಲಿಲ್ಲ. ಮಾಲಿಯ ಪಾಲಕನು ಯಾರು? ಅವಳ ಗಂಡ ಅರ್ನೆಸ್ಟನೇ.

ಗ್ರಂಥದ ಹೆಬ್ಬಾಗಿಲಾಗಬೇಕಾಗಿದ್ದ ಈ ಪುಸ್ತಕವನ್ನು ಗ್ರಂಥಕರ್ತರು ಹಿತ್ತಿಲಿನಲ್ಲಿರಿಸಿದ್ದಾರೆ. ಇದರಿಂದ, ಊರಿನ ಸಾಹುಕಾರರೂ ವಕೀಲರೂ ಕೂಡಿ ನಡೆಯಿಸಿದ ಅನ್ಯಾಯವು ಗ್ರಂಥದ ಬಹುಭಾಗದಲ್ಲಿ ಹೇಲನೆಂಬ ಒಬ್ಬ ರಾಕ್ಷಸನ ಕೃತ್ಯದಂತೆ ತೋರುವುದು. ರಾಕ್ಷಸನಿಗೆ ಶಿಕ್ಷೆಯಾದೊಡನೆ ಓದುವವರ ಮನಸ್ಸಿಗೆ ಸಮಾಧಾನ. ಆ ಸಮಾಧಾನವನ್ನು ಕೊನೆಯ ಭಾಗವು ಕಲಕುವುದಾದರೂ ಪೂರ್ತಿಯಾಗಿ ಕೆಡಿಸಲಾರದು. ಜನಾಂಗದವರೇ ಆದ ಜಾನ್ ಜೋಸೆಫ್ ಮ್ಯಾಥ್ಯೂಸ್ ಅವರು 1934ರಲ್ಲಿಯೇ ‘ಸನ್‌ಡೌನ್’ ಎಂಬ ಕಾದಂಬರಿಯನ್ನು ಬರೆದು, ಎಣ್ಣೆಯ ಹಣ ಹರಿದ ಊರಿನಲ್ಲಿ ದಿಕ್ಕುಗೆಟ್ಟ ಓಸೇಜ್ ತರುಣನ ಅಂತರಂಗವನ್ನು ತೋರಿಸಿದ್ದರು. ಅದರಲ್ಲಿ ಪತ್ತೇದಾರನಿಲ್ಲ. ಅದಕ್ಕೇ ಅಷ್ಟು ಮಂದಿ ಓದಲಿಲ್ಲವೋ ಏನೋ.

ಲೆಕ್ಕದ ವ್ಯಾಜ್ಯವು ಹೇಲನೊಡನೆ ಮುಗಿಯಲಿಲ್ಲ. ಅರೆಪಾಲು ಅಥವಾ ಅದಕ್ಕೂ ಹೆಚ್ಚು ಓಸೇಜ್ ರಕ್ತವುಳ್ಳವರ ಪಾಲು ಹೊರಗಿನವರ ವಾರಸಿಗೆ ಹೋಗಬಾರದೆಂದು 1925ರಲ್ಲಿ ಶಾಸನವಾಯಿತು. ಅಷ್ಟರಲ್ಲಿ ಹೋದುದು ಹೋಗಿತ್ತು. ತಮ್ಮ ಹಣವನ್ನೂ ಖನಿಜವನ್ನೂ ಸರಕಾರವು ಸರಿಯಾಗಿ ನಿರ್ವಹಿಸಲಿಲ್ಲವೆಂದು ಜನಾಂಗವು 1999ರಲ್ಲಿ ದಾವೆ ಹೂಡಿ, 2011ರಲ್ಲಿ 38 ಕೋಟಿ ಡಾಲರಿಗೆ ರಾಜಿಯಾಯಿತು. ಇಂದಿಗೂ ಕೆಲವು ಪಾಲುಗಳು ಓಸೇಜರಲ್ಲದ ವ್ಯಕ್ತಿಗಳ, ಸಂಸ್ಥೆಗಳ ಕೈಯಲ್ಲಿವೆ.

ಗ್ರಂಥವು ಅವಶ್ಯವಾಗಿ ಓದತಕ್ಕದ್ದು. ವಾಚಕರು ಮೂರನೆಯ ಭಾಗವನ್ನು ಮೊದಲು ಓದಿ, ಆಮೇಲೆ ಮೊದಲಿನಿಂದ ಹಿಡಿಯುವುದು ಲೇಸು. ಆಗ ಮಾಲಿಯ ಮನೆಗೆ ಬಂದುಹೋಗುವ ಪ್ರತಿಯೊಬ್ಬ ವೈದ್ಯನನ್ನೂ ವರ್ತಕನನ್ನೂ ನೋಡುವ ಕಣ್ಣು ಬೇರೆಯಾಗುವುದು.