ಸುಣ್ಣಗಲ್ಲಿನ ಸೀಮೆಗೊಂದು ಮಖಮಲ್ಲಿನ ಎಲೆ

ಹೂವಿಗಾಗಿ ಗಿಡ ಸಾಕುವವರದು ಒಂದು ಪಂಗಡ, ಹಣ್ಣಿಗಾಗಿ ಸಾಕುವವರದು ಇನ್ನೊಂದು. ಬರೀ ಎಲೆಗಾಗಿ ಗಿಡ ಸಾಕುವ ನಮ್ಮಂಥವರ ಮೇಲೆ ಎರಡೂ ಪಂಗಡಕ್ಕೆ ಗುಮಾನಿ. ಬನಹಟ್ಟಿಯ ಅಜ್ಜಿಯೊಬ್ಬರು ಮುಚ್ಚುಮರೆಯಿಲ್ಲದೆ ಕೇಳಿಯೇಬಿಟ್ಟರು: “ಹೂ ನೋಡಾಂಗಿಲ್ಲ, ಕಾಯಿ ತಿನ್ನಾಂಗಿಲ್ಲ, ಪಲ್ಯಾ ಮಾಡಾಕ ಬರಾಂಗಿಲ್ಲ. ಇದಕ್ಯಾಕ ಇಷ್ಟ ರೊಕ್ಕಾ ಸುರೀತಿ ತಮ್ಮಾ?” ವಾದಕ್ಕಿಳಿಯದೆ ಕುಂಡವನ್ನೇ ಅವರ ಮುಂದಿಟ್ಟೆ.

ಅದು ಆಂಥೂರಿಯಂ ಕ್ಲಾರಿನರ್ವಿಯಂ. ಎಲೆಯ ಆಕಾರ ಹೃದಯದ್ದು, ಬಣ್ಣ ಕಪ್ಪಿಗೆ ತಿರುಗಿದ ಹಸಿರು, ಅದರ ತುಂಬ ಬಿಳಿ ನರಗಳ ಬಲೆ. ಮೇಲ್ಮೈ ಮಖಮಲ್ಲು. ಹೊರಪದರದ ಒಂದೊಂದು ಜೀವಕೋಶವೂ ತುಸು ಉಬ್ಬಿಕೊಂಡು, ಬಿದ್ದ ಬೆಳಕನ್ನು ಒಳಕ್ಕೆ ಎಳೆದುಕೊಳ್ಳುವುದರಿಂದ ಹೊಳಪು ಹಾಗೆ ಕಾಣುತ್ತದೆ. ಹೊಸ ಎಲೆ ಹೊರಬರುವಾಗ ನಸುಗೆಂಪು. ಮುಟ್ಟಿದರೆ ಕಲೆ ಉಳಿಯುವಷ್ಟು ಮೆತ್ತಗೆ. ವಾರಗಳು ಕಳೆದಂತೆ ಹಿಗ್ಗಿ, ಹಸಿರಾಗಿ, ಕೊನೆಗೆ ಬಿರುಸಾಗುತ್ತದೆ. ಬೆರಳಿಂದ ತಟ್ಟಿದರೆ ಸದ್ದು ಬರುತ್ತದೆ. ವರ್ಷಕ್ಕೆ ಬಿಡುವುದು ಕೆಲವೇ ಎಲೆ. ಹೂ ಬಿಡುತ್ತದೆ, ಆದರೆ ಹಸಿರು ಕಡ್ಡಿಯಂಥ ಆ ಹೂವನ್ನು ನಾನಂತೂ ಕಂಡ ಕೂಡಲೇ ಕತ್ತರಿಸುತ್ತೇನೆ. ಗಿಡದ ಕಸುವು ಎಲೆಗೆ ಹೋಗಲಿ.

ಅಪರೂಪದ ಎಲೆಗಿಡಗಳ ಹುಚ್ಚು ಈಚೆಗೆ ಎಲ್ಲಿಗೆ ಮುಟ್ಟಿತ್ತು ಎಂಬುದಕ್ಕೆ ಒಂದೇ ನಿದರ್ಶನ ಸಾಕು. ಕೊರೊನಾ ಕಾಲದಲ್ಲಿ, 2021ರ ಜೂನ್‌ನಲ್ಲಿ, ನ್ಯೂಜಿಲೆಂಡ್‌ನ ಆನ್‌ಲೈನ್ ಹರಾಜಿನಲ್ಲಿ ಎಂಟೊಂಬತ್ತು ಎಲೆಯ ಒಂದು ರಾಫಿಡೊಫೊರಾ ಬಳ್ಳಿ 27,100 ನ್ಯೂಜಿಲೆಂಡ್ ಡಾಲರ್‌ಗೆ ಹೋಯಿತು. ಎಲೆಯಲ್ಲಿ ಬಿಳಿ ಮಚ್ಚೆ ಇತ್ತು ಎಂಬುದೇ ಅದರ ಹೆಚ್ಚುಗಾರಿಕೆ. ಆಮೇಲೆ ಅಂಗಾಂಶ ಕೃಷಿಯ ಸಸಿಗಳು ರಾಶಿ ರಾಶಿ ಬಂದು ಇಂಥ ಎಷ್ಟೋ ಗಿಡಗಳ ಬೆಲೆ ಇಳಿಯಿತು. ನಮಗೆ ಒಳ್ಳೆಯದೇ ಆಯಿತು. ಆದರೆ ಮೋಸ ಇಳಿಯಲಿಲ್ಲ. ‘ಪಿಂಕ್ ಕಾಂಗೊ’ ಎಂದು ಮಾರಿದ ಗುಲಾಬಿ ಎಲೆಯ ಫಿಲೊಡೆಂಡ್ರಾನ್‌ಗಳು ಕೆಲವೇ ತಿಂಗಳಲ್ಲಿ ಹಸಿರಿಗೆ ತಿರುಗಿದವು. ರಾಸಾಯನಿಕದಿಂದ ತಂದ ಬಣ್ಣ ಎಷ್ಟು ದಿನ ನಿಂತೀತು? ಆಂಥೂರಿಯಂ ಬೀಜದ ಪೊಟ್ಟಣ ಎಂದು ಮಾರುವವರನ್ನೂ ನಂಬಬೇಡಿ. ಹಣ್ಣಿನಿಂದ ತೆಗೆದ ಬೀಜವನ್ನು ಹಸಿಯಿರುವಾಗಲೇ ಬಿತ್ತಬೇಕು. ಒಣಗಿ ಪೊಟ್ಟಣ ಸೇರಿದ ಬೀಜ ಮೊಳೆಯುವುದಿಲ್ಲ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ವರ್ಷಕ್ಕೆ 600 ಮಿ.ಮೀ. ಮಳೆಯೂ ನೆಟ್ಟಗೆ ಬೀಳದ, ಬೇಸಿಗೆಯಲ್ಲಿ ಪಾರಾ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಮಳೆಕಾಡಿನ ಗಿಡ ಬದುಕೀತೆ? ಎಲ್ಲವೂ ಬದುಕುವುದಿಲ್ಲ. ತೆಳ್ಳನೆಯ ಎಲೆಯ, ಮಂಜಿನ ಬೆಟ್ಟಗಳ ಆಂಥೂರಿಯಂಗಳನ್ನು ಇಲ್ಲಿಗೆ ತರುವುದೆಂದರೆ ಅವಕ್ಕೂ ಹಿಂಸೆ, ನಮಗೂ ಹಿಂಸೆ. ಕ್ಲಾರಿನರ್ವಿಯಂನ ಮಾತು ಬೇರೆ. ದಕ್ಷಿಣ ಮೆಕ್ಸಿಕೊದ ಚಿಯಾಪಾಸ್ ರಾಜ್ಯ ಅದರ ತವರು. ಜಪಾನಿನಲ್ಲಿ ಹುಟ್ಟಿ ಮೆಕ್ಸಿಕೊದಲ್ಲಿ ನೆಲೆನಿಂತ ಸಸ್ಯವಿಜ್ಞಾನಿ ಮಾತುದಾ ಅದಕ್ಕೆ ಹೆಸರಿಟ್ಟವರು. ಅಲ್ಲಿ ಅದು ಮಣ್ಣಿನಲ್ಲಿ ಬೆಳೆಯುವುದಲ್ಲ. ಸುಣ್ಣಗಲ್ಲಿನ ಬಂಡೆಯ ಬಿರುಕಿಗೆ ದಪ್ಪ ಬೇರು ಇಳಿಸಿ, ಕೊಳೆತ ಎಲೆಗಸದಲ್ಲಿ ಹೊಟ್ಟೆ ಹೊರೆಯುತ್ತದೆ. ಇನ್ನು ನಮ್ಮದು ಯಾವ ನೆಲ? ಭೂವಿಜ್ಞಾನಿಗಳು ಕಲಾದಗಿ ಜಲಾನಯನ ಎಂದು ಕರೆಯುವ ಹಳೆಯ ಪದರುಗಲ್ಲಿನ ನೆಲ. ಲೋಕಾಪುರದ ಸುತ್ತಿನ ಸುಣ್ಣಗಲ್ಲು, ಮುದ್ದಾಪುರದ ಸಿಮೆಂಟ್ ಕಾರ್ಖಾನೆ ಎಲ್ಲ ಮುಧೋಳ ತಾಲ್ಲೂಕಿನವೇ. ಬೋರ್ ನೀರು ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿ ಹೆಕ್ಕಳ ಕಟ್ಟಿದ್ದನ್ನು ಇಲ್ಲಿ ನೋಡದವರಿಲ್ಲ. ಬೇರೆ ಊರಿನ ಗಿಡಪ್ರೇಮಿಗಳು ಇದೇ ಗಿಡದ ಕುಂಡಕ್ಕೆ ಸುಣ್ಣಗಲ್ಲಿನ ಚೂರು ಕೊಂಡು ತಂದು ಹಾಕುತ್ತಾರೆ. ನಮಗೆ ಅದು ನಲ್ಲಿಯಲ್ಲೇ ಬರುತ್ತದೆ. ಅದಕ್ಕೇ ಹೇಳುವುದು, ಮೊಬೈಲ್ ಚಿತ್ರ ನೋಡಿ ಗಿಡ ಆರಿಸಬೇಡಿ, ನಿಮ್ಮ ನೀರು ನೋಡಿ ಆರಿಸಿ.

ಆದರೆ ಸುಣ್ಣದ ನೀರು ಬೇರೆ, ಸವುಳು ನೀರು ಬೇರೆ. ಈ ಭೇದವನ್ನು ಕಬ್ಬಿನ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಧೋಳ, ಜಮಖಂಡಿಯ ಎಷ್ಟು ಎರೆಹೊಲಗಳು ನೀರು ಹೆಚ್ಚಾಗಿ, ಬಸಿಯಲು ದಾರಿಯಿಲ್ಲದೆ ಸವುಳು-ಜವುಳಾಗಿ ಹೋದವು! ಕುಂಡವೂ ಒಂದು ಪುಟ್ಟ ಹೊಲವೇ. ಹಾಕಿದ ನೀರು ಆವಿಯಾಗುತ್ತದೆ, ಉಪ್ಪು ಒಳಗೇ ಉಳಿಯುತ್ತದೆ. ಕುಂಡದ ಅಂಚಿಗೆ ಬಿಳಿ ಪೊರೆ ಬಂತೆಂದರೆ, ಎಲೆಯ ತುದಿ ಕಂದಾಗಿ ಸುಟ್ಟಿತೆಂದರೆ ಹೊಲ ಸವುಳಾಗುತ್ತಿದೆ ಎಂದೇ ಅರ್ಥ. ಮದ್ದೂ ಹೊಲದ್ದೇ: ಬಸಿಗಾಲುವೆ. ತಳಕ್ಕೆ ಅಗಲ ತೂತಿರುವ ಕುಂಡ ಬೇಕು. ತಿಂಗಳಿಗೊಮ್ಮೆ ಕುಂಡ ಹಿಡಿಸುವಷ್ಟರ ಮೂರು-ನಾಲ್ಕು ಪಟ್ಟು ನೀರನ್ನು ನಿಧಾನಕ್ಕೆ ಸುರಿದು, ಪೂರಾ ಬಸಿದು ಹೋಗಲು ಬಿಡಬೇಕು.

ಯಾವ ನೀರು? ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾಳಿಗೆಯಿಂದ ಇಳಿಯುವ ಮಳೆನೀರಿಗೆ ಸಮನಾದದ್ದಿಲ್ಲ. ಕೃಷ್ಣೆಯ ನೀರು ಬರುವ ಮನೆಯವರು ಅದನ್ನೇ ಹಾಕಿ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ರೈತರೇ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿ ನಿಲ್ಲಿಸಿಕೊಂಡ ನೀರಿನಲ್ಲಿ ಒಂದು ಚೊಂಬು ನಿಮ್ಮ ಗಿಡಕ್ಕೆ ಹೋದರೆ ಯಾರೂ ಬೇಡ ಅನ್ನಲಾರರು. ಬೋರ್ ನೀರೊಂದೇ ಗತಿಯಾದರೆ, ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರನ್ನು ಅರ್ಧಕ್ಕರ್ಧ ಬೆರೆಸಿ. ಆರ್‌ಓ ಯಂತ್ರದ ಕೊಳವೆಯಿಂದ ಸುಮ್ಮನೆ ಹರಿದು ಹೋಗುವ ನೀರನ್ನು ಗಿಡಕ್ಕೆ ಸುರಿಯುವ ಉಳಿತಾಯಗಾರರು ಈಗ ಮನೆಗೊಬ್ಬರಿದ್ದಾರೆ. ನೆಲ ಒರೆಸಲು ಬಳಸಲಿ, ಪುಣ್ಯ ಬರುತ್ತದೆ, ಕುಂಡಕ್ಕೆ ಬೇಡ. ಶುದ್ಧ ನೀರಿನಿಂದ ತೆಗೆದ ಉಪ್ಪೆಲ್ಲ ಇಮ್ಮಡಿಯಾಗಿ ಕೂತಿರುವುದು ಆ ನೀರಿನಲ್ಲಿಯೇ. ಸ್ನಾನದ ಮನೆಗೆಂದು ಉಪ್ಪು ತುಂಬಿ ನಡೆಸುವ ಸಾಫ್ಟ್‌ನರ್ ನೀರಂತೂ ಇನ್ನೂ ಕೆಟ್ಟದ್ದು. ಅದು ಸುಣ್ಣದ ಅಂಶವನ್ನು ತೆಗೆದು, ಆ ಜಾಗಕ್ಕೆ ಸೋಡಿಯಂ ತಂದು ಕೂರಿಸುತ್ತದೆ.

ಎರೆಮಣ್ಣನ್ನು ಕುಂಡದ ಹತ್ತಿರವೂ ತರಬೇಡಿ. ಜೋಳಕ್ಕೆ ಅದು ಬಂಗಾರ, ಈ ಗಿಡದ ಬೇರಿಗೆ ಉಸಿರುಗಟ್ಟಿಸುವ ಮುದ್ದೆ. ತೆಂಗಿನ ಸಿಪ್ಪೆಯ ತುಂಡು, ಬೆರಳಗಲದ ಇದ್ದಿಲು, ಇಟ್ಟಿಗೆ ಚೂರು, ಒಂದಿಷ್ಟು ನಾರಿನ ಪುಡಿ, ಮೇಲೊಂದು ಹಿಡಿ ಎರೆಗೊಬ್ಬರ, ಇಷ್ಟು ಸಾಕು. ಹೊಸ ತೆಂಗಿನ ಸಿಪ್ಪೆಯಲ್ಲಿ ತನ್ನದೇ ಉಪ್ಪಿರುತ್ತದೆ, ಎರಡು ಮೂರು ನೀರಿನಲ್ಲಿ ನೆನೆಸಿ ಚೆಲ್ಲಿಯೇ ಬಳಸಿ. ಪುಕ್ಕಟೆ ಸಿಗುತ್ತದೆಂದು ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆ ಹಾಕುವವರನ್ನು ಕಂಡಿದ್ದೇನೆ. ಅದು ಹುಳಿತು ಬೂಸ್ಟು ಹಿಡಿದು ಬೇರನ್ನೂ ಕೊಳೆಸುತ್ತದೆ. ಯೂರಿಯಾದ ಚಿಟಿಕೆಯೂ ಬೇಡ. ಕರಗುವ ಗೊಬ್ಬರವನ್ನು ಡಬ್ಬಿಯ ಮೇಲೆ ಬರೆದ ಪ್ರಮಾಣದ ಕಾಲು ಭಾಗಕ್ಕಿಳಿಸಿ ಮಳೆಗಾಲದಲ್ಲಿ ಕೊಡಿ. ಏಪ್ರಿಲ್, ಮೇ ತಿಂಗಳಲ್ಲಿ ಗಿಡವನ್ನು ಅದರ ಪಾಡಿಗೆ ಬಿಡಿ.

ಗಾಳಿಯ ಮಾತಿಗೆ ಬಂದರೆ ರಬಕವಿ-ಬನಹಟ್ಟಿಯ ಹಳೇ ನೇಕಾರ ಮನೆಗಳು ಕಣ್ಣಮುಂದೆ ಬರುತ್ತವೆ. ಕುಣಿಮಗ್ಗದಲ್ಲಿ ನೇಕಾರ ಕಾಲಿಳಿಬಿಟ್ಟು ಕೂರುವ ಕುಣಿ, ತಂಪು ನೆಲ, ದಪ್ಪ ಗೋಡೆ ಇವೆಲ್ಲ ಕೋಣೆಯ ತೇವವನ್ನು ಕಾಯುತ್ತಿದ್ದವು. ಒಣ ಗಾಳಿಯಲ್ಲಿ ಹಾಸಿನ ನೂಲು ಮೇಲಿಂದ ಮೇಲೆ ಹರಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ನೂಲಿಗೆ ಹಿತವಾದ ಆ ಗಾಳಿಯೇ ನಮ್ಮ ಎಲೆಗೂ ಹಿತ. ಅಂಥ ಮಣ್ಣಿನ ಮಾಳಿಗೆ ಮನೆ ಉಳಿಸಿಕೊಂಡವರು ಬೆಳಕಿಂಡಿಯ ಕೆಳಗೆ, ಬಿಸಿಲಿನ ಕೋಲು ನೇರ ತಾಗದಂತೆ, ಕುಂಡ ಇಟ್ಟರೆ ಅರ್ಧ ಕೆಲಸ ಮುಗಿಯಿತು. ಆರ್‌ಸಿಸಿ ಮನೆಯವರಿಗೆ ಮೂಡಣ ಕಿಟಕಿಯೇ ಗತಿ. ಎಲೆಯ ಮೇಲೆ ಕೈ ಹಿಡಿದಾಗ ಮಸುಕು ನೆರಳು ಬಿದ್ದರೆ ಬೆಳಕು ಸರಿ. ನೆರಳಿನ ಅಂಚು ಖಚಿತವಾಗಿ ಕಂಡರೆ ಬಿಸಿಲು ಹೆಚ್ಚಾಯಿತು. ಮನೆಗಂಟಿ ಪವರ್‌ಲೂಮ್ ಇರುವವರ ತೊಂದರೆ ಬೇರೆ. ಹಾರಾಡುವ ಹತ್ತಿಯ ಧೂಳು ಮಖಮಲ್ಲಿನ ಎಲೆಗೆ ಮೆತ್ತಿಕೊಳ್ಳುತ್ತದೆ. ಅದನ್ನು ಉಜ್ಜಬಾರದು, ಮೆತ್ತನೆಯ ಬ್ರಷ್‌ನಿಂದ ನರದ ಗುಂಟ ಜಾಡಿಸಬೇಕು.

ಬೇಸಿಗೆಯಲ್ಲಿ ಕೂಲರ್ ಇರುವ ಕೋಣೆ ಈ ಗಿಡಕ್ಕೆ ಬಲು ಒಳ್ಳೆಯದು, ಅದರ ಗಾಳಿ ನೇರ ಬಡಿಯದಂತೆ ಇಟ್ಟರೆ. ಮಂಜು ಉಗುಳುವ ಹ್ಯುಮಿಡಿಫೈಯರ್ ಕೊಂಡು ಬೋರ್ ನೀರು ತುಂಬಿದಿರೋ, ಎಲೆಯಿಂದ ಹಿಡಿದು ಟಿವಿಯವರೆಗೆ ಬಿಳಿ ಪುಡಿ ಕೂರುತ್ತದೆ. ಕೃತಕ ಬೆಳಕಿಗೆ ಎಲ್‌ಇಡಿ ಹಾಕುವವರು ವೈರು ಪ್ಲಗ್ಗಿಗಿಂತ ಕೆಳಕ್ಕೆ ಜೋತು ಮೇಲೇರುವಂತೆ ಬಿಡಿ. ನೀರು ಇಳಿದರೂ ಜೋತ ಕಡೆ ತೊಟ್ಟಿಕ್ಕುತ್ತದೆ, ಸ್ವಿಚ್‌ಬೋರ್ಡ್‌ಗೆ ಹರಿಯುವುದಿಲ್ಲ. ತೇವಕ್ಕೆಂದು ಕುಂಡದ ಕೆಳಗಿಡುವ ನೀರಿನ ತಟ್ಟೆಯನ್ನು ವಾರಕ್ಕೊಮ್ಮೆ ಚೆಲ್ಲಿ ತಿಕ್ಕಿ ತೊಳೆಯಲೇಬೇಕು. ಡೆಂಗಿ ತರುವ ಸೊಳ್ಳೆಗೆ ಮರಿ ಮಾಡಲು ಅಷ್ಟು ನೀರು ಧಾರಾಳ.

ಗಿಡ ತರಿಸುವುದಿದ್ದರೆ ಮಿರಗದ ಮಳೆ ಬಿದ್ದ ಮೇಲೆ ತರಿಸಿ. ಏಪ್ರಿಲ್‌ನಲ್ಲಿ ಕೊರಿಯರ್ ಗಾಡಿಯ ಪೆಟ್ಟಿಗೆಯೊಳಗೆ ಬಂದ ಎಲೆ ಬೆಂದಿರುತ್ತದೆ. ಹೊಸದಾಗಿ ಬಂದ ಗಿಡವನ್ನು ಮೂರು-ನಾಲ್ಕು ವಾರ ಬೇರೆ ಕೋಣೆಯಲ್ಲಿಡಿ, ಹಿಟ್ಟು ತಿಗಣೆಯೂ ಜೇಡ ನುಸಿಯೂ ಬರುವುದು ಹಾಗೆಯೇ. ನುಸಿ ಕಂಡರೆ ಎಲೆಯ ಹಿಂಬದಿಯನ್ನು ನೀರಿನಿಂದ ತೊಳೆಯಿರಿ, ತಿಗಣೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಿರಿ. ಇಲ್ಲೊಂದು ಮಾತನ್ನು ಗದರಿಸಿಯೇ ಹೇಳಬೇಕಾಗಿದೆ. ನಮ್ಮ ಕಡೆ ದಾಳಿಂಬೆ, ಕಬ್ಬಿಗೆಂದು ತಂದ ಔಷಧದ ಬಾಟಲಿ ಪಡಸಾಲೆಯ ಮೂಲೆಯಲ್ಲೇ ಇರುತ್ತದೆ. “ಹೊಲಕ್ಕ ಹೊಡಿಯೂದ ಅಲ್ಲೇನು, ಇದಕ್ಕೂ ಒಂದೀಟ ಹೊಡದ್ರಾತು” ಎಂಬ ಮಾತು ಬಂತೆಂದರೆ ಆ ಬಾಟಲಿಯನ್ನು ಕಸಿದುಕೊಳ್ಳಿ. ಬಯಲಿನಲ್ಲಿ ಹೊಡೆಯುವ ವಿಷವನ್ನು ಮಕ್ಕಳು ಮಲಗುವ ಕೋಣೆಯಲ್ಲಿ ಹೊಡೆಯುವಂತಿಲ್ಲ. ಒಂದು ಎಲೆ ಹೋದರೆ ಹೋಗಲಿ.

ಗಿಡಕ್ಕೆ ಮನೆಯಿಂದಾಗುವ ತೊಂದರೆ ಇಷ್ಟಾದರೆ, ಮನೆಗೆ ಗಿಡದಿಂದಾಗುವ ತೊಂದರೆಯೂ ಇದೆ. ಕೆಸು, ಸುವರ್ಣಗಡ್ಡೆ, ಎಲ್ಲರ ಮನೆಯ ಮನಿಪ್ಲಾಂಟು, ಈ ಆಂಥೂರಿಯಂ ಎಲ್ಲ ಒಂದೇ ಬಳಗ. ಕೆಸುವಿನೆಲೆಗೆ ಹುಣಸೆಹಣ್ಣು ಹಚ್ಚಿ ಚೆನ್ನಾಗಿ ಬೇಯಿಸುವ ರೂಢಿ ಗಂಟಲು ತುರಿಸದಿರಲೆಂದು ಬಂದದ್ದು. ಬಳಗದ ಎಲ್ಲರ ಎಲೆ, ದಂಟಿನೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳ ಕಟ್ಟುಗಳಿರುತ್ತವೆ. ಕಚ್ಚಿದ ಕೂಡಲೇ ಅವು ಚಿಮ್ಮಿ ನಾಲಿಗೆ, ತುಟಿ, ಗಂಟಲಿಗೆ ನಾಟುತ್ತವೆ. ಉರಿ, ಬಾವು, ಜೊಲ್ಲು. ಪ್ರಾಣ ಹೋಗುವುದು ತೀರಾ ಅಪರೂಪ, ಆದರೆ ಮೂರು ವರ್ಷದ ಕೂಸಿನ ಗಂಟಲು ಬಾತರೆ ಆಟದ ಮಾತಲ್ಲ. ಬಾಯಿ ಒರೆಸಿ, ತೊಳೆದು, ತಣ್ಣನೆಯ ಹಾಲೋ ನೀರೋ ಕೊಡಿ, ವಾಂತಿ ಮಾಡಿಸಬೇಡಿ. ನುಂಗಲು, ಉಸಿರಾಡಲು ಕಷ್ಟಪಟ್ಟರೆ ತಡಮಾಡದೆ ದವಾಖಾನೆಗೆ ಒಯ್ಯಿರಿ, ಗಿಡದ ಒಂದು ಎಲೆಯನ್ನೂ ಜೊತೆಗೆ ಒಯ್ಯಿರಿ. ರಸ ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ.

ನಾಯಿಗೂ ಇದೇ ಹಾಡು. ಎತ್ತರದ ಮೇಜಿನ ಮೇಲಿಟ್ಟರಾಯಿತು ಎಂದು ಪೇಟೆಯವರು ಬರೆಯುತ್ತಾರೆ. ಅವರು ಮುಧೋಳದ ನಾಯಿ ಕಂಡಿಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೂ ನಿಂತ ಆ ಉದ್ದಕಾಲಿನ ಬೇಟೆನಾಯಿಗೆ ಮೇಜಿನ ಎತ್ತರ ಯಾವ ಲೆಕ್ಕ? ಗೋಡೆಯ ಗೂಡಿನಲ್ಲಿಡಿ, ತೂಗುಹಾಕಿ, ಇಲ್ಲವೆ ಬಾಗಿಲು ಮುಚ್ಚುವ ಕೋಣೆಯೊಂದನ್ನು ಗಿಡಕ್ಕೆ ಬಿಟ್ಟುಕೊಡಿ. ಎರಡು ವರ್ಷಕ್ಕೊಮ್ಮೆ ಕುಂಡ ಬದಲಿಸುವಾಗ ಕೈಗವಸು ಹಾಕಿಕೊಳ್ಳಿ, ಕತ್ತರಿಯನ್ನು ಸ್ಪಿರಿಟ್ಟಿನಿಂದ ಒರೆಸಿ. ಕೆಲಸ ಮುಗಿದ ಮೇಲೆ ಹಣ್ಣೆಲೆ, ತುಂಡು ದಂಟು, ಕೊಳೆತ ಬೇರನ್ನೆಲ್ಲ ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ. ಮನೆಯಲ್ಲಿ ಎಮ್ಮೆ ಇದ್ದರೆ ಮುಸುರೆ ಬಾನಿಗೆ ಮಾತ್ರ ಹಾಕಬೇಡಿ.