ನವೆಂಬರ್ 1, ಕನ್ನಡ ರಾಜ್ಯೋತ್ಸವ: ಒಂದು ಸಾಲಿನ ವ್ಯಾಖ್ಯಾನ

ಗೋಡೆಯ ಕ್ಯಾಲೆಂಡರಿನ ಹನ್ನೊಂದನೆಯ ಹಾಳೆಯಲ್ಲಿ ಮೊದಲ ಅಂಕಿಯೇ ಕೆಂಪು. ಅದರ ಕೆಳಗೆ, ತಿಥಿ ನಕ್ಷತ್ರಗಳ ಮಗ್ಗುಲಲ್ಲಿ, ಇರುವೆಸಾಲಿನಷ್ಟು ಸಣ್ಣ ಅಕ್ಷರದಲ್ಲಿ ‘ಕನ್ನಡ ರಾಜ್ಯೋತ್ಸವ’ ಎಂದು ಅಚ್ಚಾಗಿರುತ್ತದೆ. ತಿಂಗಳ ಹೆಸರನ್ನೂ ಅಂಕಿಯನ್ನೂ ಕೂಡಿಸಿ ಓದಿದರೆ ‘ನವೆಂಬರ್ 1, ಕನ್ನಡ ರಾಜ್ಯೋತ್ಸವ’ ಎಂದಾಗುತ್ತದೆ. ಇದೇ ಇಲ್ಲಿ ಮೂಲ. ಸಮಾಸವನ್ನು ಬಿಡಿಸಿದರೆ ನವೆಂಬರ್, ಒಂದು, ಕನ್ನಡ, ರಾಜ್ಯ, ಉತ್ಸವ ಎಂದು ಪದಗಳು ಐದು. ಕ್ರಿಯಾಪದವಿಲ್ಲ. ಮೂಲದಲ್ಲಿಲ್ಲದ ಪದವನ್ನು ಅರ್ಥ ತುಂಬುವುದಕ್ಕಾಗಿ ಹೊರಗಿನಿಂದ ತಂದುಕೊಳ್ಳುವುದು ಅಧ್ಯಾಹಾರ. ಇಲ್ಲಿ ಅಧ್ಯಾಹಾರ ಮಾಡತಕ್ಕ ಕ್ರಿಯೆ ಯಾವುದೆಂಬುದು ಐದು ಪದಗಳನ್ನೂ ವಿಚಾರಿಸಿದ ಮೇಲೆ ತಿಳಿಯಬೇಕಾದದ್ದು.

‘ನವೆಂಬರ್’ ಎಂಬುದರಲ್ಲಿ ಅಡಗಿರುವ ‘ನೋವೆಮ್’ ಲ್ಯಾಟಿನ್ನಿನ ಒಂಬತ್ತು; ಸಂಸ್ಕೃತದ ‘ನವ’ ಅದರ ದಾಯಾದಿ. ನವ ಎಂದರೆ ಹೊಸದು ಎಂಬ ಅರ್ಥವೂ ಉಂಟಷ್ಟೆ, ಅದನ್ನಿಲ್ಲಿ ಹಿಡಿಯಕೂಡದು. ಹನ್ನೊಂದನೆಯ ತಿಂಗಳಿಗೆ ಒಂಬತ್ತರ ಹೆಸರು ಬಂದದ್ದು ಹೇಗೆಂದರೆ, ರೋಮನ್ನರ ಹಳೆಯ ವರ್ಷ ಮಾರ್ಚಿನಿಂದ ತೊಡಗುತ್ತಿತ್ತು. ವರ್ಷದ ಮೊದಲು ಜನವರಿಗೆ ಸರಿಯಿತು, ಹೆಸರು ಇದ್ದಲ್ಲಿಯೇ ಉಳಿಯಿತು. ಇನ್ನೊಂದು ಸರಿತವೂ ಈ ಪದದೊಳಗಿದೆ. 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗೊರಿ ಪಂಚಾಂಗವನ್ನು ತಿದ್ದಿದಾಗ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಎಣಿಸಲಾಯಿತು. ಆದ್ದರಿಂದ ಮೈಕೆಲೆಂಜೆಲೊ ನಾಲ್ಕು ವರ್ಷ ಕತ್ತೆತ್ತಿ ಬರೆದ ಸಿಸ್ಟೀನ್ ಚಾಪೆಲಿನ ಚಾವಣಿ ಜನರ ಕಣ್ಣಿಗೆ ತೆರೆದ 1512ರ ನವೆಂಬರ್ 1 ಹಳೆಯ ಜೂಲಿಯನ್ ಲೆಕ್ಕದ್ದು. ಈಗಿನ ಲೆಕ್ಕದಲ್ಲಿ ಅದು ನವೆಂಬರ್ 11. ಹೆಸರು ಒಂದೇ ಆದ ಮಾತ್ರಕ್ಕೆ ದಿನ ಒಂದೇ ಎನ್ನಲಾಗದು.

‘ಒಂದು’ ಎಂಬುದನ್ನೂ ಸುಲಭವೆಂದು ದಾಟುವಂತಿಲ್ಲ. ತಿಂಗಳ ಮೊದಲ ದಿನಕ್ಕೆ ರೋಮನ್ನರು ‘ಕಲೆಂಡೆ’ ಎನ್ನುತ್ತಿದ್ದರು. ಕೂಗಿ ಹೇಳು ಎಂಬ ಅರ್ಥದ ಧಾತುವಿನಿಂದ ಬಂದ ಮಾತು. ಆ ದಿನ ಸಾಲದ ಬಡ್ಡಿ ಸಲ್ಲಬೇಕಿತ್ತು, ಸಾಲದ ಲೆಕ್ಕದ ಪುಸ್ತಕಕ್ಕೆ ‘ಕಲೆಂಡಾರಿಯುಮ್’ ಎಂಬ ಹೆಸರಾಯಿತು, ಅದರಿಂದಲೇ ಕ್ಯಾಲೆಂಡರ್ ಎಂಬ ಪದ. ಹೀಗೆ ಒಂದನೆಯ ತಾರೀಖು ಮೊದಲಿನಿಂದಲೂ ಕೊಡುವುದು, ಪಡೆಯುವುದು, ಡಂಗುರ ಸಾರುವುದು ಇವುಗಳಿಗೆ ಮೀಸಲಾದ ದಿನ. ಸರಕಾರಗಳು ಹೊಸ ಏರ್ಪಾಟನ್ನು ಒಂದನೆಯ ತಾರೀಖಿನಿಂದ ಜಾರಿಗೆ ತರುವ ರೂಢಿಯೂ ಇದಕ್ಕೆ ದೂರದ ನಂಟು.

ಒಂದು ಎಂಬುದು ಎಲ್ಲಿಯ ಒಂದು ಎಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ. 1952ರಲ್ಲಿ ಪೆಸಿಫಿಕ್ ಸಾಗರದ ಎನೆವೆಟಾಕ್ ಹವಳದ್ವೀಪಮಾಲೆಯಲ್ಲಿ ಅಮೆರಿಕ ಮೊದಲ ಪೂರ್ಣಪ್ರಮಾಣದ ಹೈಡ್ರೋಜನ್ ಸಾಧನವನ್ನು ಸಿಡಿಸಿತು. ‘ಮೈಕ್’ ಎಂಬುದು ಅದರ ಗುಟ್ಟಿನ ಹೆಸರು, 10.4 ಮೆಗಾಟನ್ ಅದರ ಬಲ. ಎಲುಗೆಲಾಬ್ ಎಂಬ ದ್ವೀಪವಿದ್ದ ಕಡೆ ಸಮುದ್ರದಲ್ಲಿ ಒಂದು ಗುಂಡಿ ಉಳಿಯಿತು. ದ್ವೀಪದವರ ಗಡಿಯಾರದಲ್ಲಿ ಅದು ನವೆಂಬರ್ 1ರ ಬೆಳಗ್ಗೆ 7.15, ಸಿಡಿಸಲು ಅಪ್ಪಣೆ ಕೊಟ್ಟ ವಾಷಿಂಗ್ಟನ್ನಿನಲ್ಲಿ ಇನ್ನೂ ಅಕ್ಟೋಬರ್ 31. ಘಟನೆಯ ದಿನವನ್ನು ಘಟನೆ ನಡೆದ ನೆಲದ ಮೇಲೆ ಎಣಿಸಬೇಕು, ಅದನ್ನು ಉಂಡವರ ಎಣಿಕೆಯೇ ಪ್ರಮಾಣ ಎಂದು ಇಲ್ಲಿ ಗ್ರಹಿಸುವುದು ನ್ಯಾಯ.

ಆಕ್ಷೇಪ: ಒಂದೇ ತಾರೀಖಿನ ಮೇಲೆ ಹಲವು ಸಂಗತಿಗಳು ಬಿದ್ದರೆ ಅದು ಕಾಕತಾಲೀಯವಲ್ಲವೇ? ಕಾಗೆ ಕೂತದ್ದೂ ತಾಳೆಯ ಹಣ್ಣು ಬಿದ್ದದ್ದೂ ಒಟ್ಟಿಗೆ ಆದವು, ಒಂದರಿಂದ ಇನ್ನೊಂದಲ್ಲ. ಸಮಾಧಾನ: ಅರ್ಧ ನಿಜ. ತಾರೀಖಿನ ಮೇಲೆ ಬರುವ ಸಂಗತಿಗಳು ಎರಡು ಬಗೆ. ಒದಗಿಬಂದದ್ದು ಒಂದು, ಗೊತ್ತುಮಾಡಿದ್ದು ಇನ್ನೊಂದು. ಗೊತ್ತು ಎಂದರೆ ತಿಳಿವು ಮಾತ್ರವಲ್ಲ, ನೆಲೆ, ನಿಗದಿ ಎಂಬ ಅರ್ಥವೂ ಉಂಟು. ‘ಮದುವೆ ಗೊತ್ತಾಯಿತು’ ಎನ್ನುವಲ್ಲಿ ಇರುವುದು ಆ ಅರ್ಥವೇ. ಒದಗಿಬಂದವುಗಳ ನಡುವೆ ನಂಟು ಹುಡುಕುವುದು ವ್ಯರ್ಥ. ಗೊತ್ತುಮಾಡಿದವುಗಳ ನಡುವೆ ನಂಟು ಇದ್ದೇ ಇರುತ್ತದೆ.

ಮೂರನೆಯ ಪದ ‘ಕನ್ನಡ’ ರಾಜ್ಯಕ್ಕೆ ವಿಶೇಷಣ. ವಿಶೇಷ್ಯ ತಿಳಿಯದೆ ವಿಶೇಷಣ ತಿಳಿಯದಾದ್ದರಿಂದ, ಸರದಿಯನ್ನು ದಾಟಿ ‘ರಾಜ್ಯ’ವನ್ನು ಮೊದಲು ಎತ್ತಿಕೊಳ್ಳಬೇಕು. ರಾಜನ ಭಾವ, ರಾಜನ ಕರ್ಮ, ಅಂದರೆ ದೊರೆತನ, ಅದೇ ರಾಜ್ಯ ಎಂಬುದು ಪ್ರಾಚೀನ ಅರ್ಥ. 1858ರ ನವೆಂಬರ್ 1ರಂದು ಅಲಹಾಬಾದಿನ ದರಬಾರಿನಲ್ಲಿ ಲಾರ್ಡ್ ಕ್ಯಾನಿಂಗ್ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಓದಿದಾಗ ಕೈ ಬದಲಾದದ್ದು ಈ ಅರ್ಥದ ರಾಜ್ಯ. ವ್ಯಾಪಾರದ ಕಂಪನಿಯೊಂದರ ಕೈಯಿಂದ ದೊರೆತನ ಕಿರೀಟಕ್ಕೆ ಹೋಯಿತು. ಗವರ್ನರ್ ಜನರಲ್ಲನಿಗೆ ವೈಸ್‌ರಾಯ್, ಅಂದರೆ ದೊರೆಯ ಬದಲಿಯಾಳು, ಎಂಬ ಹೆಸರು ಸೇರಿತು. ಪ್ರಜೆಗಳ ಮತಧರ್ಮದಲ್ಲಿ ಕೈಹಾಕುವುದಿಲ್ಲ, ಸಂಸ್ಥಾನಿಕರೊಡನೆ ಆದ ಕರಾರುಗಳನ್ನು ಮೀರುವುದಿಲ್ಲ ಎಂಬ ಮಾತುಗಳು ಅದರಲ್ಲಿದ್ದವು. ಆ ಮಾತುಗಳು ನರಗುಂದಕ್ಕೆ ತಡವಾಗಿ ಬಂದವು. ದತ್ತಕದ ಹಕ್ಕು ಸಿಗದೆ ಬಂಡೆದ್ದ ಬಾಬಾಸಾಹೇಬನನ್ನು ಅದೇ ವರ್ಷದ ಜೂನಿನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಿಯಾಗಿತ್ತು. 1831ರಿಂದ ಕಮಿಷನರರ ಕೈಯಲ್ಲಿದ್ದ ಮೈಸೂರು ಒಡೆಯರ ಮನೆತನಕ್ಕೆ ಮರಳಲು ಇನ್ನೂ 1881ರವರೆಗೆ ಕಾಯಬೇಕಿತ್ತು.

1954ರ ನವೆಂಬರ್ 1ರಂದು ಪುದುಚೇರಿ, ಕಾರೈಕಾಲ್, ಮಾಹೆ, ಯಾಣಂ ಎಂಬ ಫ್ರೆಂಚ್ ನೆಲೆಗಳ ಆಡಳಿತ ಭಾರತಕ್ಕೆ ಬಂತು. ಅದಕ್ಕೆ ಹದಿನಾಲ್ಕು ದಿನ ಮೊದಲು ಕೀಳೂರಿನಲ್ಲಿ 178 ಮಂದಿ ಪ್ರತಿನಿಧಿಗಳು ಮತ ಹಾಕಿದ್ದರು, ಭಾರತದ ಪರ 170, ವಿರುದ್ಧ 8. ಕಾನೂನಿನ ಪ್ರಕಾರ ಹಸ್ತಾಂತರ ಪೂರ್ತಿಯಾದದ್ದು 1962ರ ಆಗಸ್ಟಿನಲ್ಲಿ. ನೆಲ ಮೊದಲು, ಕಾಗದ ಆಮೇಲೆ.

ಈಗ 1956. ಈ ವ್ಯಾಖ್ಯಾನ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಆ ವರ್ಷದ ರಾಜ್ಯ ಪುನರ್ವಿಂಗಡಣಾ ಕಾಯಿದೆಯು ತನ್ನ ಪರಿಭಾಷೆಯಲ್ಲಿ ‘ಗೊತ್ತುಪಡಿಸಿದ ದಿನ’ ಎಂದರೆ 1956ರ ನವೆಂಬರ್ 1 ಎಂದು ಹೇಳುತ್ತದೆ. ಮುಂದೆ ಬರುವ ಕಲಮುಗಳೆಲ್ಲ ಆ ದಿನದ ಮೇಲೆಯೇ ನಿಂತಿವೆ. ಆ ದಿನದಿಂದ ಇಂಥ ತಾಲ್ಲೂಕು ಇಂಥ ರಾಜ್ಯದ್ದು ಎಂಬುದೇ ಅವುಗಳ ಧಾಟಿ. ಇದರ ಹಿಂದೆ 1953ರ ಡಿಸೆಂಬರಿನಲ್ಲಿ ನೇಮಕವಾದ ಆಯೋಗವಿತ್ತು. ಫಜಲ್ ಅಲಿ ಅದರ ಅಧ್ಯಕ್ಷರು, ಹೃದಯನಾಥ ಕುಂಜ್ರು ಮತ್ತು ಸರ್ದಾರ್ ಕೆ. ಎಂ. ಪಣಿಕ್ಕರ್ ಸದಸ್ಯರು, 1955ರ ಸೆಪ್ಟೆಂಬರಿನಲ್ಲಿ ವರದಿ ಸಲ್ಲಿತು. ಆಯೋಗದ ಹಿಂದೆ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವಿತ್ತು, ಅದು 1890ರದು. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಹೊರತಂದು ಹಚ್ಚಿದ ದೀಪವಿತ್ತು. ಹಾಗಾಗಿ 1956ರ ತಾರೀಖು ದೆಹಲಿಯ ಕಚೇರಿಯೊಂದು ಗೊತ್ತುಮಾಡಿದ್ದಾದರೂ, ಅದನ್ನು ಬೇಡಿ ಕಾದವರು ಅರವತ್ತಾರು ವರ್ಷಗಳಷ್ಟು ಹಿಂದಿನಿಂದ ಬಂದವರು.

‘ಆ ದಿನದಿಂದ’ ಎಂಬುದರ ಅರ್ಥವನ್ನು ಊರುಗಳ ಹೆಸರಿನಲ್ಲಿಯೇ ಹೇಳಬೇಕು. ಮುಂಬಯಿ ರಾಜ್ಯದಿಂದ ಬೆಳಗಾವಿ, ವಿಜಯಪುರ, ಧಾರವಾಡ, ಉತ್ತರ ಕನ್ನಡ ಬಂದವು. ಚಂದಗಡ ತಾಲ್ಲೂಕು ಅಲ್ಲಿಯೇ ಉಳಿಯಿತು. ಹೈದರಾಬಾದಿನಿಂದ ಕಲಬುರಗಿ, ರಾಯಚೂರು, ಬೀದರ್ ಕೆಲವು ತಾಲ್ಲೂಕುಗಳನ್ನು ಬಿಟ್ಟು ಬಂದವು. ಮದರಾಸಿನಿಂದ ದಕ್ಷಿಣ ಕನ್ನಡ, ಅದೂ ಕಾಸರಗೋಡು ತಾಲ್ಲೂಕನ್ನೂ ಅಮೀನದೀವಿ ದ್ವೀಪಗಳನ್ನೂ ಕಳೆದು. ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಬಂತು. ತನ್ನದೇ ರಾಜ್ಯವಾಗಿದ್ದ ಕೊಡಗು ಬಂತು. ಬಳ್ಳಾರಿ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು, ಬಂದಾಗಿತ್ತು. ಅಕ್ಟೋಬರ್ 31ರ ರಾತ್ರಿ ಧಾರವಾಡದಲ್ಲಿ ಮಲಗಿದವನು ಮುಂಬಯಿ ರಾಜ್ಯದವನು. ಅದೇ ಹಾಸಿಗೆಯಲ್ಲಿ ಎದ್ದವನು ಮೈಸೂರು ರಾಜ್ಯದವನು. ಎಸ್. ನಿಜಲಿಂಗಪ್ಪನವರು ಆ ಕೂಡಿದ ರಾಜ್ಯದ ಮೊದಲ ಮುಖ್ಯಮಂತ್ರಿಗಳು.

ರಾಜ್ಯ ಎಂಬ ಪದದೊಳಗಿನ ರಾಜನೂ ಅಂದೇ ಹೊರಟುಹೋದನೆಂಬುದನ್ನು ಇಲ್ಲಿ ಗಮನಿಸಬೇಕು. ಸಂವಿಧಾನದ ಏಳನೆಯ ತಿದ್ದುಪಡಿ ಅದೇ ದಿನ ಜಾರಿಗೆ ಬಂದು ‘ರಾಜಪ್ರಮುಖ’ ಎಂಬ ಪದವಿಯನ್ನು ತೆಗೆದುಹಾಕಿತು. ಹಿಂದಿನ ದಿನದವರೆಗೆ ಮೈಸೂರಿನ ರಾಜಪ್ರಮುಖರಾಗಿದ್ದ ಜಯಚಾಮರಾಜ ಒಡೆಯರು ಆ ದಿನದಿಂದ ರಾಜ್ಯಪಾಲರು. ಹೈದರಾಬಾದಿನ ನಿಜಾಮರಿಗೂ ತಿರುವಾಂಕೂರಿನ ಮಹಾರಾಜರಿಗೂ ಆ ಪದವಿ ಅಂದಿಗೆ ಮುಗಿಯಿತು. 1858ರಲ್ಲಿ ರಾಜ್ಯವೆಂದರೆ ದೊರೆತನ. 1956ರಲ್ಲಿ ರಾಜ್ಯವೆಂದರೆ ದೊರೆಯಿಲ್ಲದ, ಒಂದು ಮಾತನ್ನಾಡುವ ಜನರ ನೆಲ. ಪದ ಬದಲಾಗದೆ ಅರ್ಥ ಮಾತ್ರ ಬದಲಾದದ್ದು ಈ ಒಂದೇ ತಾರೀಖಿನ ಎರಡು ದಂಡೆಗಳ ನಡುವೆ.

ಆಂಧ್ರಪ್ರದೇಶ, ಕೇರಳ, ಭೋಪಾಲವನ್ನು ರಾಜಧಾನಿ ಮಾಡಿಕೊಂಡ ಮಧ್ಯಪ್ರದೇಶ ಇವೂ ಅಂದಿನವೇ. ಕನ್ಯಾಕುಮಾರಿ ಮದರಾಸಿಗೆ ಸೇರಿದ್ದೂ ಅಂದೇ. ಒಟ್ಟು ಹದಿನಾಲ್ಕು ರಾಜ್ಯ, ಆರು ಕೇಂದ್ರಾಡಳಿತ ಪ್ರದೇಶ. ಆಮೇಲೆ 1966ರ ನವೆಂಬರ್ 1ರಂದು ಪಂಜಾಬಿನಿಂದ ಹರಿಯಾಣ ಬೇರೆಯಾಯಿತು, 2000ದ ನವೆಂಬರ್ 1ರಂದು ಮಧ್ಯಪ್ರದೇಶದಿಂದ ಛತ್ತೀಸಗಢ. ಇವು ಗೊತ್ತುಮಾಡಿದ ಬಗೆಯವು, ಹಳೆಯ ಗೂಟಕ್ಕೆ ಹೊಸ ಹಗ್ಗ.

‘ಕನ್ನಡ’ ಎಂಬ ವಿಶೇಷಣಕ್ಕೆ ಈಗ ಬರಬಹುದು. 1956ರಲ್ಲಿ ಕೂಡಿದ ರಾಜ್ಯಕ್ಕೆ ಕನ್ನಡವೆಂದಾಗಲಿ ಕರ್ನಾಟಕವೆಂದಾಗಲಿ ಹೆಸರಿರಲಿಲ್ಲ. ಅದು ಮೈಸೂರೆಂದೇ ಉಳಿಯಿತು. ಹದಿನೇಳು ವರ್ಷಗಳ ಮೇಲೆ, ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, 1973ರ ನವೆಂಬರ್ 1ರಂದು ಕರ್ನಾಟಕ ಎಂಬ ಹೆಸರು ಬಂತು. ಇದು ಗೊತ್ತುಮಾಡಿದ್ದರಲ್ಲಿಯೂ ಉತ್ತಮವಾದದ್ದು, ಹುಟ್ಟಿದ ದಿನದಂದೇ ನಾಮಕರಣ. ಕರುನಾಡು ಎಂದರೆ ಎತ್ತರದ ನಾಡು ಎಂದು ಕೆಲವರು, ಕರಿಯ ಮಣ್ಣಿನ ನಾಡು ಎಂದು ಕೆಲವರು. ಎರಡನೆಯ ಅರ್ಥದ ಎರೆಯ ಬಯಲು ವಿಜಯಪುರ, ಧಾರವಾಡ, ರಾಯಚೂರುಗಳದು. ಅವು ಬಂದು ಸೇರುವವರೆಗೆ ಆ ಅರ್ಥಕ್ಕೆ ರಾಜ್ಯದಲ್ಲಿ ಸಾಕಷ್ಟು ನೆಲವೇ ಇರಲಿಲ್ಲ. ಇಲ್ಲಿಯೇ ಒಂದು ಸಣ್ಣ ಸಂಗತಿಯನ್ನೂ ಕಾಣಿಸಬೇಕು. 1956ರಲ್ಲಿ ದಕ್ಷಿಣ ಕನ್ನಡದಿಂದ ಕಳಚಿಹೋದ ಅಮೀನದೀವಿ, ಲಕ್ಕದೀವಿ ಮತ್ತು ಮಿನಿಕಾಯ್ ಜೊತೆಗೂಡಿ ಕೇಂದ್ರಾಡಳಿತ ಪ್ರದೇಶವಾಗಿತ್ತು. ಆ ದ್ವೀಪಗಳಿಗೆ ಲಕ್ಷದ್ವೀಪ ಎಂಬ ಹೆಸರು ಬಂದದ್ದೂ 1973ರ ನವೆಂಬರ್ 1ರಂದೇ. ಒಂದು ದಿನ ಅಗಲಿದವರು ಅದೇ ದಿನದಂದು ಹೊಸ ಹೆಸರು ಪಡೆದರು.

ಕೊನೆಯ ಪದ ‘ಉತ್ಸವ’. ‘ಉತ್’ ಎಂದರೆ ಮೇಲಕ್ಕೆ, ‘ಸೂ’ ಧಾತುವಿಗೆ ಹೊಮ್ಮಿಸು ಎಂಬ ಅರ್ಥ; ಒಳಗಿನದು ಮೇಲಕ್ಕೆ ಹೊಮ್ಮುವ ದಿನ ಉತ್ಸವ. ಈ ದಿನಕ್ಕೆ ರಾಜ್ಯೋತ್ಸವಕ್ಕಿಂತ ಬಹಳ ಹಳೆಯ ಉತ್ಸವವೊಂದು ಉಂಟು, ಕ್ರೈಸ್ತರ ಸಕಲ ಸಂತರ ಹಬ್ಬ. 1755ರ ಆ ಹಬ್ಬ ಶನಿವಾರ ಬಂದಿತ್ತು. ಗೋವೆಯನ್ನೂ ಆಳುತ್ತಿದ್ದ ಲಿಸ್ಬನ್ ನಗರದಲ್ಲಿ ಬೆಳಗ್ಗೆ ಒಂಬತ್ತೂವರೆ ದಾಟಿತ್ತು, ಇಗರ್ಜಿಗಳು ತುಂಬಿದ್ದವು, ಬಲಿಪೀಠಗಳ ಮೇಲೆ ಮೇಣದ ಬತ್ತಿಗಳು ಉರಿಯುತ್ತಿದ್ದವು. ನೆಲ ನಡುಗಿತು. ಕಲ್ಲಿನ ಕಮಾನುಗಳು ಕುಳಿತವರ ಮೇಲೆ ಇಳಿದವು. ಬಯಲು ಹುಡುಕಿ ನದಿದಂಡೆಗೆ ಓಡಿದವರಿಗೆ ನೀರು ಹಿಂದೆ ಸರಿದು ತಳ ಕಾಣಿಸಿತು. ಸುಮಾರು ಮುಕ್ಕಾಲು ಗಂಟೆಯಲ್ಲಿ ಕಡಲು ಏರಿಬಂತು. ಉರುಳಿದ ಬತ್ತಿಗಳಿಂದಲೂ ಅಡುಗೆಮನೆಗಳ ಒಲೆಗಳಿಂದಲೂ ಹೊತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಸತ್ತವರು ಹತ್ತಾರು ಸಾವಿರ.

ಹಬ್ಬದ ದಿನವೇ, ದೇವರ ಮನೆಯಲ್ಲಿಯೇ, ಹೀಗಾಯಿತಲ್ಲ ಎಂಬ ಪ್ರಶ್ನೆಯನ್ನು ಯೂರೋಪು ಬಿಡಲಾರದೆ ಹೊತ್ತು ತಿರುಗಿತು. ವೋಲ್ಟೇರ್ ಅದನ್ನು ಕಾವ್ಯದಲ್ಲಿ ಕೇಳಿದ. ಕಾಂಟ್ 1756ರಲ್ಲಿ ಮೂರು ಲೇಖನ ಬರೆದು ನೆಲದೊಳಗಿನ ಕಾರಣವನ್ನು ಹುಡುಕಿದ. ಅಂದರೆ ತಾರೀಖಿಗೂ ನಡುಕಕ್ಕೂ ನಂಟಿಲ್ಲವೆಂಬ ತಿಳಿವು, ಈ ವ್ಯಾಖ್ಯಾನ ಮೊದಲೇ ಹೇಳಿದ ಕಾಕತಾಲೀಯ, ಅಷ್ಟು ಬೆಲೆ ತೆತ್ತು ಬಂದದ್ದು. ಮುಂದೆ ಪೊಂಬಾಲದ ಮಾರ್ಕ್ವಿಸ್ ಎನಿಸಿದ ಮಂತ್ರಿ ಪ್ರತಿ ಧರ್ಮಕೇಂದ್ರಕ್ಕೂ ಪ್ರಶ್ನೆಗಳ ಪಟ್ಟಿ ಕಳಿಸಿದ. ಎಷ್ಟು ಹೊತ್ತು ನಡುಗಿತು, ಎಷ್ಟು ಮನೆ ಬಿದ್ದವು, ಕಡಲು ಮೊದಲು ಇಳಿಯಿತೋ ಏರಿತೋ? ಭೂಕಂಪಶಾಸ್ತ್ರದ ಮೊದಲ ಹೆಜ್ಜೆಗಳಲ್ಲಿ ಅದೊಂದೆಂದು ಬಲ್ಲವರು ಎಣಿಸುತ್ತಾರೆ. ಚಾವಣಿಯಿಲ್ಲದ ಕಾರ್ಮೊ ಮಠದ ಕಮಾನುಗಳು ಇಂದಿಗೂ ಲಿಸ್ಬನ್ನಿನಲ್ಲಿ ಆಕಾಶಕ್ಕೆ ತೆರೆದುಕೊಂಡಿವೆ.

ಇನ್ನು ಬಾಕಿ ಉಳಿದದ್ದು ಅಧ್ಯಾಹಾರದ ಕ್ರಿಯಾಪದ. ‘ಆಯಿತು’ ಎಂದು ತಂದುಕೊಂಡರೆ ಮೂಲ 1956ಕ್ಕೆ ನಿಂತುಬಿಡುತ್ತದೆ. ‘ಆಗುತ್ತದೆ’ ಎಂದರೆ ವರ್ಷವರ್ಷವೂ ಮರಳುತ್ತದೆ. ಎರಡರಲ್ಲಿ ಯಾವುದೆಂಬುದನ್ನು ಕಾಸರಗೋಡಿನ ಒಂದು ಮನೆಯಲ್ಲಿ ಓದಿ ನೋಡಬೇಕು. 1956ರಲ್ಲಿ ಆ ತಾಲ್ಲೂಕು ಕೇರಳಕ್ಕೆ ಹೋಯಿತು, 1984ರಲ್ಲಿ ಅಲ್ಲಿಯೇ ಜಿಲ್ಲೆಯಾಯಿತು. ಕಯ್ಯಾರ ಕಿಞ್ಞಣ್ಣ ರೈಗಳು ಅದನ್ನು ಕನ್ನಡನಾಡಿಗೆ ಸೇರಿಸಬೇಕೆಂದು ಬಾಳೆಲ್ಲ ಕೇಳಿದರು. ಅಲ್ಲಿ ನವೆಂಬರ್ 1 ‘ಕೇರಳಪ್ಪಿರವಿ’. ಪಿರವಿ ಎಂದರೆ ಮಲಯಾಳದಲ್ಲಿ ಹುಟ್ಟು. ಮಕ್ಕಳು ಅದನ್ನು ಶಾಲೆಯಲ್ಲಿ ಆಚರಿಸಿ ಮನೆಗೆ ಬರುತ್ತಾರೆ. ಮನೆಯ ಗೋಡೆಯ ಮೇಲೆ ಮಂಗಳೂರಿನಿಂದ ತಂದ ಕನ್ನಡ ಕ್ಯಾಲೆಂಡರ್ ತೂಗುತ್ತಿರುತ್ತದೆ, ಅದರಲ್ಲಿ ಅದೇ ಕೆಂಪು ಅಂಕಿ, ಅದರ ಕೆಳಗೆ ಅವೇ ಸಣ್ಣ ಅಕ್ಷರ. ಆ ಮನೆಯ ಹಿರಿಯರು ಓದುವಾಗ ಕೂಡಿಸಿಕೊಳ್ಳುವ ಕ್ರಿಯಾಪದ ‘ಆಯಿತು’ ಅಲ್ಲ, ‘ಆಗುತ್ತದೆ’ಯೂ ಅಲ್ಲ, ‘ಆಗಲಿ’.