ರೋಮನ್ ಗಾರೆಯ ಗುಟ್ಟು, ನಮ್ಮ ಸಜ್ಜಾದ ತುಕ್ಕು

2023ರ ಜನವರಿಯಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಅಮೆರಿಕದ ಎಂಐಟಿಯ ಅಡ್ಮಿರ್ ಮಾಸಿಚ್ ಮತ್ತು ಸಂಗಡಿಗರ ಲೇಖನವೊಂದು ಬಂತು. ನೋಡನೋಡುತ್ತಲೇ ಅದು ಎಲ್ಲೆಡೆ ಸುದ್ದಿಯಾಯಿತು: ರೋಮನ್ ಕಾಂಕ್ರೀಟಿನ ಎರಡು ಸಾವಿರ ವರ್ಷದ ಗುಟ್ಟು ರಟ್ಟು! ನಮ್ಮ ವಾಟ್ಸ್‌ಆ್ಯಪ್‌ ಗುಂಪುಗಳಿಗೆ ಇಳಿಯುವ ಹೊತ್ತಿಗೆ ಸುದ್ದಿ ತೀರ್ಪಾಗಿತ್ತು. ಹಳಬರಿಗೆ ಗೊತ್ತಿತ್ತು, ನಾವು ಮರೆತೆವು; ಅವರು ಕಟ್ಟಿದ್ದು ಇನ್ನೂ ನಿಂತಿದೆ, ನಮ್ಮ ಮೋಲ್ಡ್ ಮೂವತ್ತು ವರ್ಷಕ್ಕೇ ಉದುರುತ್ತದೆ. ಮನೆ ಕಟ್ಟಿಸುವವರಿಂದ ಹಿಡಿದು ಇಂಜಿನಿಯರುಗಳವರೆಗೆ ಎಲ್ಲರೂ ತಲೆದೂಗುವ ಮಾತಿದು. ನನ್ನ ತಕರಾರು ಸಂಶೋಧನೆಯ ಮೇಲಲ್ಲ, ಈ ತಲೆದೂಗಿನ ಮೇಲೆ.

ಮಾಸಿಚ್ ತಂಡ ಪರೀಕ್ಷಿಸಿದ್ದು ಇಟಲಿಯ ಪ್ರಿವೆರ್ನಮ್ ಎಂಬ ಹಾಳೂರಿನ ಗೋಡೆಯಿಂದ ತೆಗೆದ ಚೂರುಗಳನ್ನು. ರೋಮನ್ ಗಾರೆಯನ್ನು ಒಡೆದು ನೋಡಿದರೆ ಅಲ್ಲಲ್ಲಿ ಸಣ್ಣ ಸಣ್ಣ ಬಿಳಿಯ ಸುಣ್ಣದ ಗಂಟುಗಳು ಕಾಣುತ್ತವೆ. ಕಲಸುವವರು ಸರಿಯಾಗಿ ಕಲಸಿಲ್ಲ ಎಂದೇ ಅವುಗಳ ಬಗ್ಗೆ ಬಹುಕಾಲ ಅಂದುಕೊಂಡಿದ್ದರು. ಈ ತಂಡ ಬೇರೆ ವಿವರಣೆ ಕೊಟ್ಟಿತು. ಅರಳಿಸಿಟ್ಟ ಸುಣ್ಣವನ್ನಷ್ಟೇ ನೆಚ್ಚದೆ, ಸುಟ್ಟ ಸುಣ್ಣವನ್ನೇ ಜ್ವಾಲಾಮುಖಿಯ ಬೂದಿಯೊಡನೆ ಬೆರೆಸಿ ನೀರು ಹಾಕಿದ್ದಾರೆ. ಸುಣ್ಣ ಕೊತಕೊತ ಕುದಿದಿದೆ. ಆ ಬಿಸಿಯಲ್ಲಿ ಪೂರ್ತಿ ಕರಗದ ಗಂಟುಗಳು ಪೊಳ್ಳಾಗಿ, ಪೆಡಸಾಗಿ ಉಳಿದುಕೊಂಡಿವೆ. ಮುಂದೆ ಗೋಡೆ ಬಿರುಕುಬಿಟ್ಟಾಗ ಬಿರುಕು ಈ ಪೆಡಸು ಗಂಟುಗಳನ್ನೇ ಹಾದು ಹೋಗುತ್ತದೆ. ಮಳೆನೀರು ಒಳಗಿಳಿದು ಗಂಟಿನ ಸುಣ್ಣವನ್ನು ಕರಗಿಸಿಕೊಂಡು ಬಂದು ಬಿರುಕಿನಲ್ಲೇ ಮತ್ತೆ ಕಲ್ಲಾಗಿಸುತ್ತದೆ. ಇದನ್ನು ಹೇಳಿ ಸುಮ್ಮನಾಗದೆ ಹೊಸದಾಗಿ ಅಚ್ಚು ಹಾಕಿ, ಸೀಳಿ, ಅರ್ಧ ಮಿಲಿಮೀಟರಿನ ಬಿರುಕಿನೊಳಗೆ ನೀರು ಹರಿಸಿ ನೋಡಿದರು. ಸುಟ್ಟ ಸುಣ್ಣ ಹಾಕಿದ್ದರಲ್ಲಿ ಕೆಲವೇ ವಾರಗಳಲ್ಲಿ ನೀರು ನಿಂತಿತು; ಹಾಕದೇ ಇದ್ದದ್ದರಲ್ಲಿ ನಿಲ್ಲಲಿಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸ್ಫೋಟಿಸಿದಾಗ ಅರ್ಧಕ್ಕೇ ನಿಂತ ಪೊಂಪೈಯ ಮನೆಯೊಂದರಲ್ಲಿ ಒಣಗಾರೆಯ ರಾಶಿ ಹಾಗೇ ಸಿಕ್ಕಿತು. ಅದು ಈ ಊಹೆಗೆ ಒಳ್ಳೆಯ ಬಲ ಕೊಟ್ಟಿದೆ. ಅಚ್ಚುಕಟ್ಟಾದ ಕೆಲಸ. ತಾಳೆಹಾಕಬಹುದಾದ ಊಹೆ, ತಾಳೆಹಾಕಿದ ಪರೀಕ್ಷೆ.

ಆದರೆ ಬಿರುಕು ಮುಚ್ಚಿಕೊಂಡಿತು ಎಂಬುದಕ್ಕೂ, ಅದಕ್ಕಾಗಿಯೇ ಕಟ್ಟಡ ನಿಂತಿದೆ ಎಂಬುದಕ್ಕೂ ನಡುವೆ ದೊಡ್ಡ ಕಂದಕವಿದೆ. ಸುದ್ದಿಗಳೆಲ್ಲ ಅದನ್ನು ಒಂದೇ ನೆಗೆತಕ್ಕೆ ದಾಟಿದವು.

ಸುದ್ದಿಯ ಜೊತೆ ಹೆಚ್ಚಾಗಿ ಅಚ್ಚಾದದ್ದು ರೋಮಿನ ಪ್ಯಾಂಥಿಯನ್ ಚಿತ್ರ. ಅದರ ಗುಮ್ಮಟದ ವ್ಯಾಸ 43.3 ಮೀಟರ್, ಕಬ್ಬಿಣದ ಸರಳಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಅದೇ ದೊಡ್ಡದು. ಆ ಗುಮ್ಮಟಕ್ಕೆ ಬಿರುಕು ಬಿಟ್ಟಿದೆ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಬುಡದಿಂದ ಮೇಲಕ್ಕೆ, ಕಿತ್ತಳೆಯ ತೊಳೆ ಬಿಡಿಸಿದ ಹಾಗೆ ಸಾಗುವ ಬಿರುಕುಗಳವು. 1930ರ ದಶಕದಲ್ಲಿ ದುರಸ್ತಿ ಮಾಡುವಾಗ ಗುರುತಿಸಿದ್ದರು. 1986ರಲ್ಲಿ ಸಂಶೋಧಕರಾದ ರಾಬರ್ಟ್ ಮಾರ್ಕ್ ಮತ್ತು ಪಾಲ್ ಹಚಿನ್‌ಸನ್ ಲೆಕ್ಕ ಹಾಕಿ ತೋರಿಸಿದರು. ಬುಡದ ಸುತ್ತ ಎಳೆತ ಬಿದ್ದಿದೆ, ಕಾಂಕ್ರೀಟ್ ಎಳೆತ ತಾಳದೆ ಸೀಳಿದೆ. ಈಗ ಅದು ಒಂದು ಗುಮ್ಮಟವಾಗಿ ಅಲ್ಲ, ಒಂದಕ್ಕೊಂದು ಆತುಕೊಂಡ ಕಮಾನುಗಳ ಸಾಲಾಗಿ ನಿಂತಿದೆ. ಸುಣ್ಣದ ಗಂಟುಗಳು ಆ ಸೀಳನ್ನು ಬೆಸೆದಿಲ್ಲ, ಬೆಸೆಯುವ ಅಗತ್ಯವೂ ಬೀಳಲಿಲ್ಲ. ಬುಡದಲ್ಲಿ ಸುಮಾರು 6 ಮೀಟರ್ ದಪ್ಪ, ತುದಿಯಲ್ಲಿ 1.2 ಮೀಟರ್, ಕೆಳಗೆ ಭಾರದ ಕಲ್ಲು, ಮೇಲೆ ಹಗುರವಾದ ಪ್ಯೂಮಿಸ್. ಕಟ್ಟಿದವರು ಭಾರವನ್ನೆಲ್ಲ ಅದುಮುವಿಕೆಯಾಗಿ ತಿರುಗಿಸಿ ನೆಲಕ್ಕಿಳಿಸಿದರು. ಗುಮ್ಮಟ ಉಳಿದದ್ದು ಆಕಾರದಿಂದ. ವಿಜಯಪುರದ ಗೋಳಗುಮ್ಮಟದ ಇಟ್ಟಿಗೆ-ಗಾರೆಯ ಬಲದ ಹಿಂದೆ ಬೆಲ್ಲವನ್ನೂ ಮೊಟ್ಟೆಯನ್ನೂ ಹುಡುಕುವವರು ಅದರ ಮೂರು ಮೀಟರ್ ದಪ್ಪವನ್ನೊಮ್ಮೆ ನೋಡಬೇಕು.

ಇನ್ನು ‘ಅವರು ಕಟ್ಟಿದ್ದು ನಿಂತಿದೆ’ ಎಂಬುದು. ಯಾವುದು ನಿಂತಿದೆ? ದೇವಾಲಯ, ಬಂದರು, ಮೇಲ್ಗಾಲುವೆ. ಚಕ್ರವರ್ತಿಯ ಖಜಾನೆಯಿಂದ ಕಟ್ಟಿ, ಶತಮಾನಗಳ ಕಾಲ ಯಾರೋ ಒಬ್ಬರು ನೋಡಿಕೊಂಡ ಕಟ್ಟಡಗಳು. ಪ್ಯಾಂಥಿಯನ್ ಚರ್ಚಾಗದೆ ಇದ್ದಿದ್ದರೆ ಅದರ ಗತಿ ಏನಾಗುತ್ತಿತ್ತೋ. ಸಾಮಾನ್ಯ ರೋಮನ್ನನ ಬಾಡಿಗೆ ಮನೆಯ ಕತೆ ಕೇಳಬೇಕಾದರೆ ಸಿಸೆರೋನನ್ನು ಕೇಳಬೇಕು. ಕ್ರಿ.ಪೂ. 44ರಲ್ಲಿ ಗೆಳೆಯ ಅಟಿಕಸ್‌ಗೆ ಬರೆದ ಕಾಗದದಲ್ಲಿ ಅವನು, ತನ್ನ ಎರಡು ಅಂಗಡಿಗಳು ಕುಸಿದುಬಿದ್ದಿವೆ, ಉಳಿದವು ಬಿರುಕುಬಿಟ್ಟಿವೆ, ಬಾಡಿಗೆದಾರರ ಮಾತಿರಲಿ, ಇಲಿಗಳೂ ಜಾಗ ಖಾಲಿಮಾಡಿವೆ ಎಂದು ತಮಾಷೆ ಮಾಡುತ್ತಾನೆ. ಆ ಕಾಗದ ಬರೆದದ್ದು ಪುತಿಯೋಲಿಯಿಂದ, ಹೆಸರಾಂತ ಜ್ವಾಲಾಮುಖಿ ಬೂದಿಯ ಊರಿನಿಂದಲೇ. ಮುಂದೆ ಒಂದನೇ ಶತಮಾನದ ಪ್ಲಿನಿ ಇನ್ನೂ ನೇರವಾಗಿ ಹೇಳುತ್ತಾನೆ: ರೋಮಿನಲ್ಲಿ ಕಟ್ಟಡಗಳು ಬೀಳಲು ಮುಖ್ಯ ಕಾರಣ ಸುಣ್ಣದ ಕಳ್ಳತನ. ಗುತ್ತಿಗೆದಾರ ಸುಣ್ಣ ಉಳಿಸಿಕೊಂಡು ಬರೀ ಕಲ್ಲು ಪೇರಿಸುತ್ತಿದ್ದನಂತೆ. ಓದಿದರೆ ಯಾವುದೋ ಪರಿಚಯದ ಊರಿನ ಸುದ್ದಿಯಂತಿದೆ. ಬಿದ್ದವು ಮಣ್ಣಾದವು, ನಿಂತವನ್ನಷ್ಟೇ ನಾವು ಎಣಿಸುತ್ತಿದ್ದೇವೆ.

ಈಗ ನಮ್ಮ ಮೋಲ್ಡಿಗೆ ಬರೋಣ. ಅದು ಉದುರುವುದು ಬಿರುಕು ತಾನಾಗಿ ಮುಚ್ಚಿಕೊಳ್ಳದ್ದರಿಂದಲ್ಲ. ಹಳೆಯ ಮನೆಯ ಸಜ್ಜಾವನ್ನು ಕೆಳಗಿನಿಂದ ಕತ್ತೆತ್ತಿ ನೋಡಿ. ಮೊದಲು ಕಂದುಬಣ್ಣದ ಉದ್ದ ಗೆರೆ, ಕಂಬಿ ಹೋದ ದಾರಿಯಲ್ಲೇ. ಆಮೇಲೆ ಅಂಗೈಯಗಲದ ಹಕ್ಕಳೆ ಕಳಚಿ ಬೀಳುತ್ತದೆ, ಒಳಗೆ ಕಂಬಿ ಪದರ ಪದರವಾಗಿ ಉಬ್ಬಿರುತ್ತದೆ. ತುಕ್ಕು ಹಿಡಿದ ಕಬ್ಬಿಣ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಅದೇ ಕಾಂಕ್ರೀಟನ್ನು ಒಳಗಿನಿಂದ ಒದ್ದು ಬೀಳಿಸುವುದು. ಹೊಸ ಕಾಂಕ್ರೀಟಿನ ಕ್ಷಾರ ಕಬ್ಬಿಣವನ್ನು ಕಾಪಾಡುತ್ತಿರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷವರ್ಷವೂ ಸ್ವಲ್ಪ ಸ್ವಲ್ಪವೇ ಒಳಗಿಳಿದು ಆ ಕ್ಷಾರವನ್ನು ಕಳೆಯುತ್ತದೆ. ಅದು ಕಂಬಿಯನ್ನು ಮುಟ್ಟುವ ದಿನವೇ ತುಕ್ಕು ಶುರು. ರೋಮನ್ನರಿಗೆ ಈ ರೋಗವಿರಲಿಲ್ಲ, ಏಕೆಂದರೆ ಅವರು ಕಂಬಿ ಹಾಕಲಿಲ್ಲ. ನಾವು ಗೊತ್ತಿದ್ದೇ ಹಾಕುತ್ತೇವೆ, ಏಕೆಂದರೆ ನಮಗೆ ಆರು ಮೀಟರ್ ದಪ್ಪದ ಗುಮ್ಮಟ ಬೇಡ, ಐದಿಂಚಿನ ಮಟ್ಟಸ ತಾರಸಿ ಬೇಕು, ಮೇಲೆ ಇನ್ನೊಂದು ಅಂತಸ್ತು ಬೇಕು. ಇದು ಮರೆತ ವಿದ್ಯೆಯಲ್ಲ, ಮಾಡಿಕೊಂಡ ಆಯ್ಕೆ.

ಈ ಆಯ್ಕೆಯ ಶರತ್ತುಗಳೂ ಗೊತ್ತಿರುವಂಥವೇ. ನಮ್ಮ ಐಎಸ್ 456:2000 ಸಂಹಿತೆ ಸೌಮ್ಯ ವಾತಾವರಣದಲ್ಲಿ ಕಂಬಿಯ ಹೊರಗೆ 20 ಮಿಲಿಮೀಟರ್ ಕಾಂಕ್ರೀಟ್ ಇರಲಿ ಎನ್ನುತ್ತದೆ, ತೀವ್ರ ವಾತಾವರಣದಲ್ಲಿ 45. ಕ್ಷಾರ ಕಳೆಯುವ ಕ್ರಿಯೆ ಕಾಲದ ವರ್ಗಮೂಲದಂತೆ ಸಾಗುವುದರಿಂದ ಈ ಹೊದಿಕೆ, ಅಂದರೆ ಕವರ್, ಅರ್ಧವಾದರೆ ಆಯುಷ್ಯ ಅರ್ಧವಲ್ಲ, ಸುಮಾರು ಕಾಲುಭಾಗ. ಮೋಲ್ಡ್ ಹಾಕುವ ದಿನ ಆಗುವುದೇನು? ಕವರ್ ಬ್ಲಾಕ್ ಬದಲಿಗೆ ಜಲ್ಲಿ ಚೂರು ಸಿಕ್ಕಿಸಿರುತ್ತಾರೆ. ಬಾಂಡಲಿ ಹೊತ್ತವರು ಕಂಬಿಯ ಮೇಲೆ ಓಡಾಡುತ್ತಿದ್ದಂತೆ ಚೂರು ಜಾರಿ ಕಂಬಿ ಸೆಂಟ್ರಿಂಗ್ ಹಲಗೆಗೇ ತಾಗುತ್ತದೆ. ಕಲಸು ಗಟ್ಟಿಯಾಯಿತು ಎಂದು ಯಾರೋ ಒಂದು ಬಕೆಟ್ ನೀರು ಸುರಿಯುತ್ತಾರೆ. ಅಲ್ಲಿಗೆ ಆ ಸಜ್ಜಾದ ಹಣೆಬರಹ ಮುಗಿಯಿತು. ಇದಕ್ಕೆ ಸುಟ್ಟ ಸುಣ್ಣ ಏನು ಮಾಡೀತು?

ಬೇಗ ಬಲ ಬರಬೇಕೆಂಬ ಹಟವೂ ಇದೆ. ಅಂಗಡಿಯಲ್ಲಿ ಎಲ್ಲರೂ ಕೇಳುವುದು ‘53 ಗ್ರೇಡ್’. ಆ ಅಂಕಿ ಹೇಳುವುದು 28 ದಿನದ ಬಲವನ್ನು, 28 ವರ್ಷದ ಬಾಳಿಕೆಯನ್ನಲ್ಲ. ಸಣ್ಣಗೆ ಅರೆದ ಇಂದಿನ ಸಿಮೆಂಟು ನೀರಿನೊಡನೆ ಬೇಗನೆ ಬಹುಪಾಲು ಕೂಡಿಕೊಂಡುಬಿಡುತ್ತದೆ. ಹಿಂದಿನ ದಪ್ಪ ಅರೆತದ ಸಿಮೆಂಟಿನಲ್ಲಿ ಕೂಡಿಕೊಳ್ಳದ ಕಾಳು ಉಳಿದು, ಮುಂದೆ ಕೂದಲೆಳೆಯಂಥ ಬಿರುಕುಗಳನ್ನು ತಾನೇ ತುಂಬುತ್ತಿತ್ತು. ತಾನೇ ಮಾಯುವ ಗುಣ ರೋಮನ್ನರ ಸೊತ್ತೇನಲ್ಲ. ಸೆಂಟ್ರಿಂಗ್ ಬೇಗ ಬಿಚ್ಚುವ ಆತುರಕ್ಕೆ ನಾವೇ ಅದನ್ನು ತಗ್ಗಿಸಿಕೊಂಡೆವು.

ರೋಮನ್ ದಾರಿ ಪರಿಸರಕ್ಕೂ ಹಿತ ಎಂಬ ಮಾತಿಗಂತೂ ಗಣಿತ ಒಪ್ಪುವುದಿಲ್ಲ. ನೂರು ಕಿಲೋ ಶುದ್ಧ ಸುಣ್ಣಕಲ್ಲು ಸುಟ್ಟರೆ 56 ಕಿಲೋ ಸುಣ್ಣ, 44 ಕಿಲೋ ಇಂಗಾಲದ ಡೈಆಕ್ಸೈಡ್. ಗೂಡು ಯಾರದಾದರೂ ಇದು ಬದಲಾಗದು. ಅರೆದು ಸಿಮೆಂಟು ಮಾಡುವ ಸುಟ್ಟ ಉಂಡೆಗಳಲ್ಲಿ, ಅಂದರೆ ಕ್ಲಿಂಕರಿನಲ್ಲಿ, ಸುಣ್ಣದ ಪಾಲು ಮೂರನೇ ಎರಡರಷ್ಟು; ಸುಟ್ಟ ಸುಣ್ಣವೆಂದರೆ ಪೂರ್ತಿ ಸುಣ್ಣವೇ. 1450 ಡಿಗ್ರಿಯ ಬದಲು 900 ಡಿಗ್ರಿ ಸಾಕಾಗುವುದರಿಂದ ಸೌದೆ ಉಳಿಯುತ್ತದೆ, ಗಾರೆ ಕಾಲಕ್ರಮದಲ್ಲಿ ಒಂದಷ್ಟು ಅನಿಲವನ್ನು ಮತ್ತೆ ಹೀರಿಕೊಳ್ಳುತ್ತದೆ, ನಿಜ. ಆದರೂ ಕಿಲೋಗೆ ಕಿಲೋ ಹಿಡಿದರೆ ಲಾಭ ಕಾಣದು. ಕಟ್ಟಡ ಹೆಚ್ಚು ಕಾಲ ಬಾಳಿದರಷ್ಟೇ ಲಾಭ. ಅಲ್ಲಿಗೆ ಮಾತು ಮತ್ತೆ ಕಂಬಿಗೇ ಬಂತು.

ರೋಮನ್ನರಿಂದ ಕಲಿಯಬೇಕಾದದ್ದು ಗಂಟಲ್ಲ, ಬೂದಿ. ಸುಣ್ಣದೊಡನೆ ಕೂಡಿ ಗಟ್ಟಿಯಾಗುವ ಸಿಲಿಕಾ-ಅಲ್ಯೂಮಿನಾದ ಪುಡಿ. ಅದನ್ನು ನಾವು ಮರೆತದ್ದೂ ಇಲ್ಲ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಎದ್ದದ್ದು ಸುರ್ಕಿ ಗಾರೆಯಲ್ಲಿ, ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣದಲ್ಲಿ. ರೋಮನ್ನರೂ ಇಟ್ಟಿಗೆಪುಡಿ ಹಾಕುತ್ತಿದ್ದರು. ಇವತ್ತು ಅಂಗಡಿಯಲ್ಲಿ ಸಿಗುವ ಪಿಪಿಸಿ ಎಂಬ ಮಿಶ್ರ ಸಿಮೆಂಟಿನ ಮೂಟೆಯಲ್ಲಿ ಶೇಕಡ 15ರಿಂದ 35ರಷ್ಟು ಹಾರುಬೂದಿ ಇರುತ್ತದೆ. ಅದನ್ನೇ ‘ಬೂದಿ ಸಿಮೆಂಟು’ ಎಂದು ಮೂಗು ಮುರಿದು 53 ಗ್ರೇಡ್ ಕೇಳುವವರೇ ರೋಮನ್ ವಿಡಿಯೋ ಹಂಚುವುದು. ಸ್ವಿಟ್ಜರ್ಲೆಂಡಿನ ಕರೆನ್ ಸ್ಕ್ರಿವೆನರ್, ಕ್ಯೂಬಾದ ಸಂಶೋಧಕರು, ದಿಲ್ಲಿ ಮತ್ತು ಮದ್ರಾಸ್ ಐಐಟಿಗಳು ಸೇರಿ ಬೆಳೆಸಿದ ಎಲ್‌ಸಿ3 ಸಿಮೆಂಟಿನಲ್ಲಿ ಕ್ಲಿಂಕರ್ ಅರ್ಧದಷ್ಟು ಮಾತ್ರ. ಉಳಿದದ್ದು ಮುಖ್ಯವಾಗಿ 700-850 ಡಿಗ್ರಿಯಲ್ಲಿ ಹುರಿದ ಜೇಡಿ ಮತ್ತು ಸುಣ್ಣಕಲ್ಲಿನ ಪುಡಿ. ಹೆಚ್ಚುಕಡಿಮೆ ಸುರ್ಕಿಯೇ. ಭಾರತೀಯ ಮಾನಕ ಸಂಸ್ಥೆ ಅದಕ್ಕೆ ಐಎಸ್ 18189 ಎಂಬ ಮಾನಕ ಕೊಟ್ಟದ್ದೂ 2023ರಲ್ಲೇ. ಅದರ ವಿಡಿಯೋ ನನಗಂತೂ ಯಾರೂ ಕಳಿಸಲಿಲ್ಲ.

ಎಲ್‌ಸಿ3 ಕೂಡ ಸರ್ವರೋಗಕ್ಕೆ ಮದ್ದಲ್ಲ. ಇಂಥ ಪುಡಿಗಳು ಸುಣ್ಣವನ್ನು ತಿಂದು ಗಟ್ಟಿಯಾಗುವುದರಿಂದ ಕಂಬಿ ಕಾಯುವ ಕ್ಷಾರದ ದಾಸ್ತಾನು ಕಡಿಮೆಯಾಗುತ್ತದೆ. ನೀರುಣಿಸುವುದರಲ್ಲಿ ಜಿಪುಣತನ ಮಾಡಿದರೆ ಮಾಮೂಲಿ ಸಿಮೆಂಟಿಗಿಂತ ಬೇಗ ಕೆಡಬಹುದು. ಅದಕ್ಕೇ ಸಂಹಿತೆ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ, ಆದಷ್ಟೂ 14 ದಿನ ಕ್ಯೂರಿಂಗ್ ಕೇಳುತ್ತದೆ. ಟ್ಯಾಂಕರ್ ನೀರು ಕೊಂಡು ಮನೆ ಕಟ್ಟುವ ಊರಿನಲ್ಲಿ ಇದನ್ನು ಪಾಲಿಸುವವರು ಕಡಿಮೆ. ಕಡಿಮೆ ನೀರಿನಲ್ಲಿ ಹದವಾಗಿ ಮಾಗುವ ಮಿಶ್ರಣ, ಮೋಲ್ಡ್ ಹಾಕುವ ಮುನ್ನ ಕಂಬಿಯ ಕವರ್ ಅನ್ನು ಮೇಸ್ತ್ರಿಯೇ ಅಳೆದು ನೋಡುವ ಅಗ್ಗದ ವಿಧಾನ, ಓಡಾಡಿದರೂ ಜಾರದ ಕವರ್ ಬ್ಲಾಕ್. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಿಗೆ ಇಷ್ಟು ಕೆಲಸ ಬಾಕಿಯಿದೆ.